ಬಾಗದ ಹೆಬ್ಬೆರಳು

ಹೊಳೆಯ ಈಚೆ ದಂಡೆಗೆ ಒಂದು ಮಠ. ಮಠ ಅಂದಕೂಡಲೇ ಆನೆ, ಅಂಬಾರಿ, ಕಲ್ಯಾಣಮಂಟಪ ಅಂತ ಕಣ್ಣ ಮುಂದೆ ತಂದುಕೊಳ್ಳಬೇಡಿ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲೊಂದು ಬೇವಿನ ಮರ. ಅಷ್ಟೇ.

ಇದ್ದವರು ಇಬ್ಬರು. ಗುರುಗಳಿಗೆ ಎಂಬತ್ತರ ಹತ್ತಿರ. ಊರವರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಶಿಷ್ಯ ಮುರಿಗೆಯ್ಯನಿಗೆ ಐವತ್ತಕ್ಕೆ ಎರಡು ಕಡಿಮೆ.

ಆ ಮಠದಲ್ಲಿ ಒಲೆ ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲ.

ದಿನಾ ಬೆಳಗ್ಗೆ ಶಿಷ್ಯ ಹೆಗಲಿಗೆ ಜೋಳಿಗೆ ಹಾಕಿಕೊಂಡು, ಸೇತುವೆ ದಾಟಿ, ಆಚೆ ದಂಡೆಯ ಊರಿಗೆ ಹೋಗಬೇಕು. ಹದಿನೇಳು ಮನೆ. ಜೋಳಿಗೆಗೆ ಬಿದ್ದದ್ದೇ ಇಬ್ಬರ ಊಟ. ಏನೂ ಬೀಳದಿದ್ದರೆ ಆ ದಿನ ಬರೀ ನೀರು.

ಆ ಭಿಕ್ಷೆಗೂ ಒಂದು ಕಟ್ಟು ಇತ್ತು. ಯಾರನ್ನೂ ಕೂಗಬಾರದು. ಯಾರ ಬಾಗಿಲ ಮುಂದೂ ನಿಲ್ಲಬಾರದು. ದಾಟಿ ಬಂದ ಮನೆಯ ಕಡೆ ತಿರುಗಿ ನೋಡಬಾರದು. ಸುಮ್ಮನೆ ನಡೆಯುತ್ತ ಹೋಗಬೇಕು. ಕೊಡುವ ಮನಸ್ಸಿದ್ದವರು ತಾವಾಗಿ ಹೊರಗೆ ಬರಬೇಕು.

ಹಾಗಾದರೆ ಭಿಕ್ಷೆಯವನು ಬಂದದ್ದು ಒಳಗಿದ್ದವರಿಗೆ ಗೊತ್ತಾಗುವುದು ಹೇಗೆ ಅಂತೀರಾ? ಹಾವುಗೆಯ ಸದ್ದಿನಿಂದ.

ಮಠದಲ್ಲಿ ಒಂದೇ ಜೊತೆ ಮರದ ಹಾವುಗೆ. ಮೊದಲು ಅಜ್ಜಾರ ಗುರುಗಳು ದೊಡ್ಡಜ್ಜಾರು ಮೆಟ್ಟಿದ್ದು, ಆಮೇಲೆ ಅಜ್ಜಾರು, ಈಗ ಮುರಿಗೆಯ್ಯ. ಪಟ್ಟಿ ಗಿಟ್ಟಿ ಏನಿಲ್ಲ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ಮರದ ಗುಬಟು. ಅದನ್ನು ಬೆರಳಿನಿಂದ ಬಿಗಿಹಿಡಿದು ನಡೆಯಬೇಕು. ಕಲ್ಲು ಹಾಸಿದ ಓಣಿಯಲ್ಲಿ ಟಕ್ ಟಕ್ ಅಂದರೆ ಸಾಕು, ಹೆಂಗಸರು ರೊಟ್ಟಿ ಹಿಡಿದು ಬಾಗಿಲಿಗೆ ಬರುತ್ತಿದ್ದರು.

ಇಪ್ಪತ್ತೆರಡು ವರ್ಷ ಮುರಿಗೆಯ್ಯ ಹಾಗೆ ನಡೆದ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೇಳಿಕೊಳ್ಳುವ ಬಂಧುಗಳಿಲ್ಲ. ತನ್ನ ಸದ್ದಿಗೆ ಹದಿನೇಳು ಬಾಗಿಲು ತೆರೆಯುತ್ತವೆ. ಅದೇ ಅವನ ಬಳಗ.

ಕಡೆಯ ಒಂಬತ್ತು ವರ್ಷ ಬಲಗಾಲಿನ ಹೆಬ್ಬೆರಳ ಬುಡ ನೋಯತೊಡಗಿತು. ಹೆಜ್ಜೆ ಎತ್ತಿದರೆ ಜೀವ ಹೋದಂತೆ. ಆಸಾಮಿ ಯಾರಿಗೂ ಹೇಳಲಿಲ್ಲ. ಮೊಂಡ ಅಂದರೆ ಮೊಂಡ. ಕೊನೆಗೆ ಅಜ್ಜಾರೇ ಗದರಿಸಿ ಪಟ್ಟಣದ ಆಸ್ಪತ್ರೆಗೆ ಕಳಿಸಿದರು.

ಕೀಲು ಪೂರಾ ಸವೆದಿತ್ತು. ಡಾಕ್ಟರು ಒಂದು ಚಿಕ್ಕ ತಗಡು, ನಾಲ್ಕು ಸ್ಕ್ರೂ ಹಾಕಿ ಎರಡು ಎಲುಬನ್ನು ಸೇರಿಸಿ ಒಂದೇ ಮಾಡಿದರು.

ಕಡೆಯ ಸಲ ತೋರಿಸಲು ಹೋದಾಗ ಅವರು ಬಿಡಿಸಿ ಹೇಳಿದರು.

"ಎಲುಬು ಗಟ್ಟಿ ಕೂಡೇತ್ರಿ. ಇನ್ನ ಈ ಬೆರಳು ಬಾಗಂಗಿಲ್ಲ, ನೋಯಂಗೂ ಇಲ್ಲ. ಮೊದಲ ಹಿಮ್ಮಡ ಊರ್ರಿ, ಆಮ್ಯಾಲ ನೆಟ್ಟಗ ಹೆಬ್ಬೆರಳ ಮ್ಯಾಲಿಂದ ಹಾದು ಹೋಗ್ರಿ. ಹೆದರಿ ಅಂಚಿನ ಮ್ಯಾಲೆ ನಡದ್ರ ಮೊಣಕಾಲು, ಸೊಂಟ ಎಲ್ಲಾ ಹಿಡಕೊಂತಾವ."

ತಳ ದೋಣಿಯಂತೆ ಬಾಗಿದ ಒಂದು ಜೊತೆ ಬೂಟನ್ನೂ ಕೊಟ್ಟರು. ಅದರ ಅಟ್ಟೆ ರಬ್ಬರಿನದು.

ಮುರಿಗೆಯ್ಯ ಹೂಂ ಹೂಂ ಅಂತ ತಲೆ ಆಡಿಸಿ ಬಂದ. ಬಂದವನು ಪಾದದ ಅಂಚಿನ ಮೇಲೇ ನಡೆದ.

ಅವನು ಭಿಕ್ಷೆಗೆ ಹೋಗದಿದ್ದ ನಾಲ್ಕೂವರೆ ತಿಂಗಳು ಊರಿನ ಸಂಗಪ್ಪ ಮೋಟಾರ್ ಸೈಕಲ್ಲಿಗೆ ಒಂದು ಡಬ್ಬಿ ಕಟ್ಟಿಕೊಂಡು, ಓಣಿಯಲ್ಲಿ ಹಾರ್ನ್ ಹೊಡೆದು ರೊಟ್ಟಿ ಕೂಡಿಸಿ ಮಠಕ್ಕೆ ತಂದುಕೊಟ್ಟ. ಕಾಯಿಲೆಗೆ ಮಠದಲ್ಲಿ ಅಷ್ಟು ವಿನಾಯಿತಿ ಇತ್ತು.

ಮುರಿಗೆಯ್ಯ ಎದ್ದು ಓಡಾಡಿದ. ಆದರೆ ಮೊದಲಿನ ಹಾಗಲ್ಲ.

ಅಜ್ಜಾರಿಗೆ ಅಡ್ಡಬೀಳಲು ಹೋದರೆ ಬೆರಳು ಮಡಚುವುದಿಲ್ಲ. ಬಲಗಾಲನ್ನು ಪಕ್ಕಕ್ಕೆ ಚಾಚಿ ಸೊಟ್ಟಗೆ ಬೀಳಬೇಕು. ನೆಲದಿಂದ ಏಳಬೇಕಾದರೆ ಬೇವಿನ ಮರವೋ ಗೋಡೆಯೋ ಕೈಗೆ ಸಿಗಬೇಕು. ಬೂಟು ಹಾಕಿಕೊಂಡು ಪಡಸಾಲೆಯ ಹೊಸ್ತಿಲು ದಾಟುವಂತಿಲ್ಲ, ಬೂಟಿಲ್ಲದೆ ನೆಲಕ್ಕೆ ಕಾಲಿಡಲು ಅವನಿಗೆ ಭಯ.

ಹಾಗಾಗಿ ಊಟದ ಹೊತ್ತಿಗೆ ಅವನು ಹೊರಗೆ ಮರದ ಬುಡದ ಕಲ್ಲಿನ ಮೇಲೆ ಕೂರತೊಡಗಿದ. ಅಜ್ಜಾರು ಒಳಗೆ, ಇವನು ಹೊರಗೆ.

ಮೊದಲ ದಿನ ಅಜ್ಜಾರು ಕರೆದರು.

"ಒಳಗ ಬಾರೋ."

"ಇಲ್ಲೇ ಕುಂತಿರ್ತೀನ್ರಿ ಅಜ್ಜಾರ."

ಅವರು ಎರಡನೇ ಸಲ ಕರೆಯಲಿಲ್ಲ.

ಕರೆಯಲಿಲ್ಲವಲ್ಲ ಅಂತ ಮುರಿಗೆಯ್ಯನಿಗೆ ಅಳು ಬಂತು. ಕರೆದಿದ್ದರೆ ಹೋಗುತ್ತಿದ್ದನೇ? ಅದೂ ಇಲ್ಲ.

ಒಂದು ದಿನ ಅವನು ಸಂಗಪ್ಪನಿಗೆ ಹೇಳಿಬಿಟ್ಟ.

"ಸಂಗಪ್ಪಾ, ನಾಳಿಂದ ನೀ ಬರೂದು ಬ್ಯಾಡ. ನಾನ ಹೊಕ್ಕೀನಿ."

"ಭಾಳ ಚಲೋ ಆತ್ರಿ ಅಯ್ಯನೋರ. ಊರಾಗ ಎಲ್ಲಾರಿಗೂ ಹೇಳಿಬಿಡ್ತೀನಿ."

"ಒಬ್ಬರಿಗೂ ಹೇಳಬ್ಯಾಡ. ನನ್ನಾಣಿ. ನಾ ಬಂದದ್ದು ಅವರಿಗೆ ತಾನ ತಿಳೀಬೇಕು."

ಸಂಗಪ್ಪ ಪಾಪ, ಆಣೆಗೆ ಹೆದರುವ ಮನುಷ್ಯ. ತುಟಿ ಹೊಲಿದುಕೊಂಡು ಹೋದ.

ಮರುದಿನ ಮುರಿಗೆಯ್ಯ ಬೂಟು ಹಾಕಿಕೊಂಡು, ಜೋಳಿಗೆ ಏರಿಸಿ ಹೊರಟ. ಸೇತುವೆ ದಾಟುವುದರಲ್ಲಿ ಸೊಂಟ ಹಿಡಿಯಿತು. ಓಣಿ ಹೊಕ್ಕ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಮನೆ ಮನೆಯಿಂದ ಬರುತ್ತಿತ್ತು.

ಒಂದು ಮನೆ ದಾಟಿದ. ಎರಡು. ಐದು. ಹತ್ತು. ಹದಿನೇಳೂ ಮುಗಿದವು.

ಒಂದು ಬಾಗಿಲೂ ತೆರೆಯಲಿಲ್ಲ.

ಖಾಲಿ ಜೋಳಿಗೆಯೊಂದಿಗೆ ಮಠಕ್ಕೆ ಬಂದ.

"ಅಜ್ಜಾರ, ಒಬ್ಬರೂ ಹೊರಗ ಬರಲಿಲ್ರಿ."

"ಹೌದಾ."

"ಇಪ್ಪತ್ತೆರಡು ವರ್ಷ ತಿರುಗೀನ್ರಿ. ನಾಕೂವರೆ ತಿಂಗಳಿಗೆ ಮರತು ಬಿಟ್ರು ನೋಡ್ರಿ ಮಂದಿ."

ಅಜ್ಜಾರು ತಂಬಿಗೆಯ ನೀರನ್ನು ಅರ್ಧ ಕುಡಿದು, ಉಳಿದರ್ಧ ಅವನಿಗೆ ಕೊಟ್ಟರು.

"ಬೂಟು ಸದ್ದು ಮಾಡತೈತೇನು?"

"ಇಲ್ರಿ. ರಬ್ಬರದ್ದು."

"ಹಂಗಾದ್ರ ಇವತ್ತ ಊರಿಗೆ ಯಾರು ಹೋಗಿದ್ರು?"

ಮುರಿಗೆಯ್ಯನಿಗೆ ಮೈಯೆಲ್ಲ ಉರಿಯಿತು. ಹೊಟ್ಟೆ ಹಸಿದವನನ್ನು ಹಂಗಿಸುತ್ತಿದ್ದಾರೆ ಅಂದುಕೊಂಡು ಕಲ್ಲಿನ ಮೇಲೆ ಹೋಗಿ ಕೂತ.

ಎರಡನೇ ದಿನವೂ ಅದೇ ಬೂಟು, ಅದೇ ಓಣಿ, ಅವೇ ಮುಚ್ಚಿದ ಬಾಗಿಲು.

ತನ್ನ ಹಸಿವಾದರೆ ಹಾಳಾಗಿ ಹೋಗಲಿ. ಎಂಬತ್ತರ ಮುದುಕರು ಇನ್ನೊಂದು ದಿನ ಬರೀ ನೀರು ಕುಡಿದು ಕೂರಬೇಕೆ?

ಬಸ್‌ಸ್ಟ್ಯಾಂಡ್ ಪಕ್ಕದ ಖಾನಾವಳಿಗೆ ಹೋದ. ಆಸ್ಪತ್ರೆಗೆಂದು ಊರವರು ಕೊಟ್ಟ ದುಡ್ಡಿನಲ್ಲಿ ಉಳಿದ ಚಿಲ್ಲರೆಗೆ ಹನ್ನೆರಡು ಜೋಳದ ರೊಟ್ಟಿ ಕಟ್ಟಿಸಿಕೊಂಡು, ಜೋಳಿಗೆಗೆ ಹಾಕಿಕೊಂಡು ಬಂದ.

ಅಜ್ಜಾರು ಜೋಳಿಗೆ ಬಿಚ್ಚಿದರು. ಉಣ್ಣಲಿಲ್ಲ. ರೊಟ್ಟಿಗಳನ್ನು ಹೊಸ್ತಿಲ ಒಳಗೆ ನೆಲದ ಮೇಲೆ ಒಂದರ ಪಕ್ಕ ಒಂದು ಹರಡಿದರು.

"ಪಾರವ್ವನ ರೊಟ್ಟಿ ಯಾವದಪಾ? ಆಕೀದು ಒಂದ ಕಡೆ ಸುಟ್ಟಿರತೈತಿ."

"ಇವತ್ತ... ಸುಟ್ಟಿಲ್ಲೇನೋ ಬಿಡ್ರಿ."

"ಹೂಗಾರ ಮನೀದು? ಎಳ್ಳು ಹಚ್ಚಿದ್ದು?"

"ಎಳ್ಳು ತೀರಿರಬೇಕ್ರಿ."

"ನಿಂಬೆವ್ವನದು? ನಡುವ ಆಕಿ ಹೆಬ್ಬೆರಳಿನ ಗುರುತು ಇರತಿತ್ತು."

ಮುರಿಗೆಯ್ಯ ತಲೆ ತಗ್ಗಿಸಿದ.

"ಹದಿನೇಳು ಮನಿ ಕೂಡಿ ಒಂದ ಕೈಲೆ ಬಡದಾವ ನೋಡು," ಅಂದರು ಅಜ್ಜಾರು. "ಎಲ್ಲಾ ಒಂದ ಅಳತಿ, ಒಂದ ಆಕಾರ."

"ತಪ್ಪಾತ್ರಿ. ನೀವು ಉಪಾಸ ಇರೂದು ನೋಡಾಕ ಆಗಲಿಲ್ಲ."

"ಹೊಳಿ ದಂಡಿಗೆ ಎಮ್ಮಿ ಮೇಯಾಕ ಬಂದಾವ. ಅವಕ್ಕ ಹಾಕಿ ಬಾ. ಎಮ್ಮಿಗೆ ಮಠದ ಕಟ್ಟಿಲ್ಲ."

ಎಮ್ಮೆಗಳು ಹನ್ನೆರಡೂ ರೊಟ್ಟಿ ತಿಂದು, ಮುರಿಗೆಯ್ಯನ ಮುಖವನ್ನು ಒಮ್ಮೆ ನೋಡಿ ನೀರಿಗಿಳಿದವು.

ಮೂರನೇ ದಿನ ಅವನು ಹಠಕ್ಕೆ ಬಿದ್ದ. ಸದ್ದು ಬೇಕಲ್ಲವೇ? ಸದ್ದು ಮಾಡಿಯೇ ತೋರಿಸುತ್ತೇನೆ.

ಬೂಟನ್ನು ಮೂಲೆಗೆ ಎಸೆದು ಹಳೆಯ ಹಾವುಗೆ ತೆಗೆದ. ಎಡಗಾಲು ಸರಿಯಾಗಿ ಹೊಕ್ಕಿತು. ಬಲಗಾಲಿನ ಹೆಬ್ಬೆರಳು ಗುಬಟನ್ನು ಹಿಡಿಯಲೊಲ್ಲದು. ಗೂಟದ ಹಾಗೆ ನೆಟ್ಟಗೆ ನಿಂತಿತ್ತು. ಒಂದು ಅರಿವೆ ಹರಿದು ಪಾದಕ್ಕೂ ಹಾವುಗೆಗೂ ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದ.

ಮಠದ ಮುಂದಿನ ಕಲ್ಲಿನ ಮೆಟ್ಟಿಲು ಏಳು. ಮೂರನೆಯದರಲ್ಲಿ ಗಂಟು ಬಿಚ್ಚಿತು.

ಹಾವುಗೆ ಒಂದು ಕಡೆ, ಜೋಳಿಗೆ ಒಂದು ಕಡೆ, ಮುರಿಗೆಯ್ಯ ಕೆಳಗೆ ಹೊಳೆಯ ಮರಳಿನ ಮೇಲೆ.

ಅಜ್ಜಾರು ಗೋಡೆ ಹಿಡಿದು ಹೊರಗೆ ಬಂದರು. ಎರಡು ದಿನ ಹೊಟ್ಟೆಗಿಲ್ಲದ ಮೈ. ಒಂದೊಂದೇ ಮೆಟ್ಟಿಲು ಇಳಿದು ಬಂದು, ಅವನನ್ನು ಎಬ್ಬಿಸದೆ ಪಕ್ಕದಲ್ಲಿ ತಾವೂ ಮರಳ ಮೇಲೆ ಕೂತರು.

ಮುರಿಗೆಯ್ಯ ಅಳುತ್ತಿದ್ದ. ಗಂಡಸು, ಸಂನ್ಯಾಸಿ, ಐವತ್ತರ ಹತ್ತಿರದವನು ಅನ್ನುವುದೆಲ್ಲ ಮರೆತು ಅಳುತ್ತಿದ್ದ.

"ನನ್ನ ಬಿಟ್ಟುಬಿಡ್ರಿ ಅಜ್ಜಾರ. ಗಟ್ಟಿ ಕಾಲಿನಾಂವ ಯಾರನರ ಹುಡುಕ್ರಿ."

"ಹೂಂ."

"ಇಲ್ಲಂದ್ರ ಸಂಗಪ್ಪಗ ಹೇಳಿ ಕಳಸ್ರಿ. ಅಂವ ರೊಟ್ಟಿ ತರ್ತಾನ."

"ಸಂಗಪ್ಪ ಬಂದ್ರ ರೊಟ್ಟಿ ಬರತಾವ. ನೀ ಯಾವಾಗ ಬರ್ತಿ?"

"ನಾ ಇಲ್ಲೇ ಇದ್ದೇನಲ್ರಿ."

ಅಜ್ಜಾರು ಅವನ ಕಾಲಿನ ಮರಳು ಕೊಡವಿ ಕೇಳಿದರು.

"ಎಲ್ಲಿ ನೋಯ್ತೈತಿ?"

"ಮೊಣಕಾಲ್ರಿ. ಸೊಂಟ. ಪಾದದ ಈ ಹೊರಗಿನ ಅಂಚು ಉರೀತೈತಿ."

"ಹೆಬ್ಬೆರಳು?"

ಮುರಿಗೆಯ್ಯ ಬೆರಳಿನ ಕಡೆ ನೋಡಿದ.

"ಬೆರಳು... ನೋಯಾಕತ್ತಿಲ್ರಿ."

"ಎಂದಿನಿಂದ?"

"ಗೊತ್ತಿಲ್ರಿ. ನಾ ಅದರ ಕಡೆ ನೋಡೇ ಇಲ್ಲ."

"ಒಂಬತ್ತು ವರ್ಷ ಸಂಗಾಟ ಇದ್ದ ನೋವು. ಹೋಗೂ ಮುಂದ ಹೇಳಿ ಹೋಗಲಿಲ್ಲ?"

ಮುರಿಗೆಯ್ಯನ ಅಳು ನಿಂತಿತು.

"ಎದ್ದೇಳು," ಅಂದರು ಅಜ್ಜಾರು. "ನೀರಿನ ಅಂಚಿಗೆ ನಡಿ. ಬರಿಗಾಲಿಲೆ. ಹತ್ತ ಹೆಜ್ಜಿ ಹೋಗಿ, ಹತ್ತ ಹೆಜ್ಜಿ ಬಾ."

ನಡೆದ. ಹಸಿ ಮರಳಿನ ಮೇಲೆ ಹೆಜ್ಜೆ ಮೂಡಿದವು. ತಿರುಗಿ ಬಂದ ಮೇಲೆ ಅಜ್ಜಾರು ಮರಳಲ್ಲಿ ಬಿದ್ದಿದ್ದ ಕಡ್ಡಿಯೊಂದನ್ನು ಎತ್ತಿ ತೋರಿಸಿದರು.

"ಎಡಗಾಲು ನೋಡು. ಐದೂ ಮಂದಿ ಅದಾರ. ಬಲಗಾಲು ನೋಡು."

ಹಿಮ್ಮಡ ಇತ್ತು. ಹೊರಗಿನ ಅಂಚು ಆಳವಾಗಿ ಒತ್ತಿತ್ತು. ಕಿರಿಬೆರಳಿನ ಕಡೆಯ ನಾಲ್ಕು ಗುರುತು ಇದ್ದವು. ಹೆಬ್ಬೆರಳಿನ ಜಾಗದಲ್ಲಿ ಮರಳು ಯಾರೂ ಮುಟ್ಟದ ಹಾಗೆ ನುಣ್ಣಗಿತ್ತು.

"ಹಿರಿಯಾಂವನ್ನ ಎಲ್ಲಿ ಬಿಟ್ಟಿ?"

ಮುರಿಗೆಯ್ಯ ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡ.

"ಊರಾಗ ಯಾರೂ ನನ್ನ ಕರೀಲಿಲ್ಲ ಅಂತ ಮೂರು ದಿನ ಅತ್ತಿ. ನೀ ಇಂವಗ ಎಷ್ಟು ತಿಂಗಳಾತು ಬಾಗಲಾ ಹಾಕಿ?"

"ಅಂವಾ ಮೊದಲಿನಂಗ ಇಲ್ರೀ ಅಜ್ಜಾರ. ಬಾಗಂಗಿಲ್ಲ. ನಂದು ಅಂತ ಅನಸಂಗಿಲ್ಲ."

"ಹೊಸಬ. ಪರಿಚಯ ಇಲ್ಲ. ಮಾತಾಡಿಸಿ ನೋಡು."

ಮುರಿಗೆಯ್ಯ ಮತ್ತೆ ನೀರಿನಂಚಿಗೆ ಹೋದ. ಹಿಮ್ಮಡ ಊರಿದ. ಹಲ್ಲು ಕಚ್ಚಿದ. ಒಂಬತ್ತು ವರ್ಷದ ನೋವು ಈಗ ಬರುತ್ತದೆ, ಈಗ ಬಂತು ಅಂತ ಕಣ್ಣು ಮುಚ್ಚಿ, ಮೈಭಾರವನ್ನು ಹೆಬ್ಬೆರಳ ಮೇಲೆ ಬಿಟ್ಟ.

ಏನೂ ಬರಲಿಲ್ಲ.

ಬೆರಳು ಬಾಗಲಿಲ್ಲ, ನೋಯಲೂ ಇಲ್ಲ. ಮೆಟ್ಟಿಲ ಕಲ್ಲಿನ ಹಾಗೆ ಗಟ್ಟಿಯಾಗಿ ಅವನನ್ನು ಹೊತ್ತು, ಮುಂದಕ್ಕೆ ದಾಟಿಸಿತು.

ಕಣ್ಣು ಬಿಟ್ಟು ನೋಡಿದ. ಮರಳಿನಲ್ಲಿ ದೊಡ್ಡದೊಂದು ದುಂಡನೆ ಗುರುತು ಬಿದ್ದಿತ್ತು. ನೀರು ಬಂದು ತುಂಬಿಕೊಂಡಿತು.

ಸಂತೋಷ ಆಗಬೇಕಿತ್ತು. ಆದರೆ ಅವನಿಗೆ ಸಂಕಟವೇ ಆಯಿತು. ನೋವಾದರೂ ಹಳೆಯ ಗೆಳೆಯ. ಇದು ಯಾರೋ ಏನೋ.

"ಇದ ನನ್ನ ನಡಿಗೀ ಅಲ್ರಿ," ಅಂದ.

"ಹಾವುಗಿ ತಾ," ಅಂದರು ಅಜ್ಜಾರು. "ಆ ಬೂಟೂ ತಾ. ಒಳಗ ಗರಗಸ ಐತಿ, ಅರ ಐತಿ, ತಗೊಂಬಾ."

ಬೇವಿನ ನೆರಳಲ್ಲಿ ಕೂತು ಅಜ್ಜಾರು ಬಲಗಾಲಿನ ಹಾವುಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಗರಗಸವನ್ನು ಗುಬಟಿನ ಬುಡಕ್ಕೆ ಹಚ್ಚಿದರು.

ಮುರಿಗೆಯ್ಯ ಕೈ ಮುಂದೆ ಚಾಚಿದ.

"ಅಯ್ಯಯ್ಯೋ ಅಜ್ಜಾರ! ಅದು ದೊಡ್ಡಜ್ಜಾರು ಮೆಟ್ಟಿದ್ದು! ಪೂಜಿ ಮಾಡಿದ್ದು!"

"ದೊಡ್ಡಜ್ಜಾರ ಬೆರಳು ಬಾಗತಿತ್ತು," ಅಂದು ಅಜ್ಜಾರು ಗರಗಸ ಎಳೆದರು.

ಎರಡು ಸಲ ಗರಗಸ ಜಾರಿತು. ಮುರಿಗೆಯ್ಯ ತಡೆಯಲಾರದೆ ಹಾವುಗೆಯ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಸೇರಿ ಕೊಯ್ದರು. ಗುಬಟು ಟಪ್ ಅಂತ ಬಿದ್ದು ಉರುಳಿತು.

ಆಮೇಲೆ ಅಜ್ಜಾರು ಬೂಟನ್ನು ಪಕ್ಕಕ್ಕಿಟ್ಟು ಅದರ ತಳವನ್ನು ನೋಡಿ ನೋಡಿ, ಹಾವುಗೆಯ ಮುಂದಿನ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರು. ಹಳೆಯ ಜೋಳಿಗೆಯ ಅರಿವೆಯನ್ನು ನಾಲ್ಕು ಮಡಿಕೆ ಮಡಚಿ, ಪಾದದ ಮೇಲೆ ಅಡ್ಡ ಬರುವ ಹಾಗೆ ಪಟ್ಟಿ ಕಟ್ಟಿ ಮೊಳೆ ಹೊಡೆದರು.

ಸಂಜೆಯಾಗಿತ್ತು. ತಂಬಿಗೆಯ ನೀರು ಇಬ್ಬರಿಗೂ ಅರ್ಧರ್ಧ.

"ನಾಳಿ ನಡಿ," ಅಂದರು.

ನಾಲ್ಕನೇ ದಿನ ಮುರಿಗೆಯ್ಯ ಸೇತುವೆ ದಾಟಿ ಓಣಿಯ ಕಲ್ಲಿಗೆ ಕಾಲಿಟ್ಟ. ಹಿಮ್ಮಡ ಮೊದಲು. ಆಮೇಲೆ ನೆಟ್ಟಗೆ ಬೆರಳ ಮೇಲಿಂದ.

ಎಡಗಾಲು ಟಕ್ ಅಂದಿತು. ಬಲಗಾಲು ಟೊರ್ರ್ ಅಂತ ಉರುಳಿತು.

ಟಕ್. ಟೊರ್ರ್. ಟಕ್. ಟೊರ್ರ್.

ಅವನಿಗೇ ಅದು ತನ್ನ ಸದ್ದು ಅನ್ನಿಸಲಿಲ್ಲ. ಹಿಂದೆ ಯಾರೋ ಬರುತ್ತಿದ್ದಾರೇನೋ ಅನ್ನಿಸಿತು.

ಪಾರವ್ವನ ಮನೆ ಬಂತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಕಿವಿಗೊಟ್ಟು ಕೇಳುತ್ತಿದ್ದಾಳೆ ಅಂತ ಮುರಿಗೆಯ್ಯನಿಗೆ ಗೊತ್ತಾಯಿತು.

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಹೂಗಾರರ ಮನೆ ಬಂತು. ಅಲ್ಲೂ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಹೀಗೇ ಒಂದೊಂದು ಮನೆ. ಬಾಗಿಲ ಹಿಂದೆ ಪ್ರತಿ ಮನೆಯಲ್ಲೂ ಗುರುತಿನವರು ಇದ್ದಾರೆ. 'ನಾನವ್ವಾ, ಮುರಿಗೆಯ್ಯ' ಅಂದರೆ ಸಾಕು. ಮಾತು ಗಂಟಲವರೆಗೆ ಬಂತು. ನುಂಗಿಕೊಂಡ. ಇಷ್ಟು ಜನರ ನಡುವೆ ಇಷ್ಟು ಒಬ್ಬಂಟಿಯಾಗಿ ಅವನು ಯಾವತ್ತೂ ನಡೆದಿರಲಿಲ್ಲ.

ಹದಿನಾರು ಮನೆ ಮುಗಿದವು. ಹದಿನೇಳನೆಯದು ನಿಂಬೆವ್ವನದು. ಅವಳಿಗೆ ಎಪ್ಪತ್ತು ದಾಟಿದೆ, ಮನೆಯಲ್ಲಿ ಒಬ್ಬಳೇ. ಅದನ್ನೂ ದಾಟಿದ.

ಮುಗಿಯಿತು ಅಂದುಕೊಂಡ. ಅಜ್ಜಾರು ಇವತ್ತೂ ಉಪವಾಸ. ನಾಲ್ಕನೇ ದಿನ.

ಹಿಂದೆ ಬಾಗಿಲು ಕಿರ್ ಅಂದಿತು.

"ಏ ಯಪ್ಪಾ! ಯಾರಪಾ ನೀ?"

ತಿರುಗಿ ನೋಡುವಂತಿಲ್ಲ. ನಿಲ್ಲುವಂತಿಲ್ಲ. ಮುರಿಗೆಯ್ಯ ನಡೆಯುತ್ತಲೇ ಇದ್ದ, ಆದರೆ ಹೆಜ್ಜೆಯನ್ನು ಆದಷ್ಟು ಸಣ್ಣದು ಮಾಡಿದ.

"ಎಷ್ಟ ಜೋರ ಹೊಂಟೀಯೋ ಮಾರಾಯಾ! ನಿನ್ನ ಕಾಲಷ್ಟ ಅಲ್ಲ, ನನ್ನ ಮೊಣಕಾಲೂ ಹೋಗ್ಯಾವ! ಹಸದೀ ಏನು? ರೊಟ್ಟಿ ತಂದೀನಿ, ತಗೊಂಡು ಹೋಗು!"

ಅವಳು ಏದುಸಿರು ಬಿಡುತ್ತ, ಗೋಡೆ ಹಿಡಿದುಕೊಳ್ಳುತ್ತ, ಬಳಸಿಕೊಂಡು ಮುಂದೆ ಬಂದಳು. ರೊಟ್ಟಿ ಚಾಚಿದಳು. ಮುಖ ನೋಡಿದಳು.

ಅವಳ ಕೈ ಅಲ್ಲೇ ನಿಂತಿತು.

"ಅಯ್ಯ ನನ ಶಿವನ! ಅಯ್ಯನೋರ, ನೀವಾ?"

ಅವಳು ಮುಂದೆ ನಿಂತ ಮೇಲೆ ಅವನೂ ನಿಲ್ಲಲೇಬೇಕಾಯಿತು.

"ನಾನ ಯವ್ವಾ."

"ಎಂದ ಬಂದ್ರಿ? ಮೂರು ದಿನ ಆತು, ಹಾರ್ನೂ ಇಲ್ಲ, ನಿಮ್ಮ ಹೆಜ್ಜೀನೂ ಇಲ್ಲ. ಅಜ್ಜಾರು ಏನರ ನೇಮ ಹಿಡದು ಉಪಾಸ ಇರಬೇಕು ಅಂತ ಊರ ಮಂದಿ ಎಲ್ಲಾ ಅಂದ್ಕೊಂಡೀವಿ."

"ಉಪಾಸ ಖರೇನ ಅದಾರ ಯವ್ವಾ."

"ನಾ ಆ ಹಾರ್ನಿಗೆ ರೊಟ್ಟಿ ಕೊಟ್ಟಾಕೀ ಅಲ್ಲ ನೋಡ್ರಿ. ಪೋಂ ಪೋಂ ಅಂದ್ರ ಓಡಿ ಬರಾಕ ನಾ ಏನು ಬಸ್ಸೇರತೀನಾ? ದಿನಾ ಒಂದು ನಿಮಗಂತ ತಗದಿಡತಿದ್ದೆ. ಸಂಜೀಕ ಆಕಳಿಗೆ ಹಾಕತಿದ್ದೆ."

ನಾಲ್ಕೂವರೆ ತಿಂಗಳಲ್ಲಿ ಅವನು ಕೇಳಬೇಕು ಅಂದುಕೊಂಡಿದ್ದ ಮಾತು ಇದೊಂದೇ. ಇನ್ನೊಂದು ಮಾತು ಕೇಳದೆ ಅವನಿಂದ ಇರಲಾಗಲಿಲ್ಲ.

"ಹಂಗಾದ್ರ ಯವ್ವಾ, ಸದ್ದು ಕೇಳಿದ ಕೂಡ್ಲೇ ನಾನ ಅಂತ ಗೊತ್ತಾತೇನು?"

"ಇಲ್ರಿ," ಅಂದಳು ನಿಂಬೆವ್ವ. ಸುಳ್ಳು ಹೇಳುವ ಹೆಂಗಸಲ್ಲ ಅವಳು. "ನೀವ ಅಂತ ತಿಳೀಲೇ ಇಲ್ಲ. ಯಾರೋ ಪಾಪ, ಕಾಲು ನೋವಾದಾಂವ ಒಬ್ಬನ ಹೊಂಟಾನ, ಹಸದಿರಬೇಕು ಅನಿಸ್ತು. ಮನ್ಯಾಗ ಇದ್ದದ್ದು ನಿಮಗಂತ ತಗದಿಟ್ಟ ರೊಟ್ಟಿ ಒಂದ. ಅಯ್ಯನೋರು ಏನೂ ಅನ್ನಂಗಿಲ್ಲ, ಇವತ್ತ ಇಂವಗ ಕೊಡೂಣು ಅಂತ ತಂದೆ."

ರೊಟ್ಟಿ ಜೋಳಿಗೆಗೆ ಬಿತ್ತು.

ಮುರಿಗೆಯ್ಯ ಸೇತುವೆ ದಾಟಿ ಬರುವಾಗ ಎರಡು ಕಡೆ ನಿಂತ. ಸುಸ್ತಿಗಲ್ಲ. ಏನೋ ಒಂದು ಒಳಗೆ ಕೂತು ಕೊರೆಯುತ್ತಿತ್ತು.

ಮಠಕ್ಕೆ ಬಂದವನು ಹೊಸ್ತಿಲ ಹೊರಗೆ ನಿಂತೇ ಜೋಳಿಗೆಯನ್ನು ಒಳಗೆ ಚಾಚಿದ. ಪಡಸಾಲೆಯಲ್ಲಿ ಅಜ್ಜಾರು ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಒಳಗೆ ಹೋಗಿದ್ದವು.

"ಒಂದ ರೊಟ್ಟೀರಿ."

ಅಜ್ಜಾರು ಅದನ್ನು ತೆಗೆದು ನೋಡಿದರು. ನಡುವೆ ಒಂದು ಹೆಬ್ಬೆರಳಿನ ಗುರುತು.

"ನಿಂಬೆವ್ವ."

"ಹೌದ್ರಿ." ಮುರಿಗೆಯ್ಯ ಹೊಸ್ತಿಲ ಹೊರಗೇ ನಿಂತು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಆದ್ರ ಆಕಿಗೂ ನನ್ನ ಗುರುತು ಹತ್ತಲಿಲ್ರೀ ಅಜ್ಜಾರ."

"ಹತ್ತಲಿಲ್ಲ?"

"ನನಗಂತ ತಗದಿಟ್ಟ ರೊಟ್ಟಿನ ತಗೊಂಡು, ಕಾಲು ನೋವಾದಾಂವ ಯಾರಿಗೋ ಕೊಡಾಕ ಓಡಿ ಬಂದಿದ್ಲು. ಮುಖಾ ನೋಡಿದ ಮ್ಯಾಲ ನಾ ಅಂತ ತಿಳೀತು." ಅವನು ಚೌಕಟ್ಟಿಗೆ ಹಣೆ ಹಚ್ಚಿದ. "ಇಪ್ಪತ್ತೆರಡು ವರ್ಷದ ನಡಿಗೀರಿ. ಅದು ಹೋತು. ಇನ್ನ ಬರಂಗಿಲ್ಲ. ಅಲ್ರೀ?"

"ಬರಂಗಿಲ್ಲ," ಅಂದರು ಅಜ್ಜಾರು.

ಮುರಿಗೆಯ್ಯ ಹಾವುಗೆ ಕಳಚಿ, ಎಂದಿನಂತೆ ಮರದ ಬುಡದ ಕಲ್ಲಿನ ಕಡೆ ತಿರುಗಿದ.

ಹಿಂದೆ ರೊಟ್ಟಿ ಮುರಿದ ಸದ್ದಾಯಿತು.

ತಿರುಗಿ ನೋಡಿದ. ಅಜ್ಜಾರು ರೊಟ್ಟಿಯನ್ನು ಸರಿಯಾಗಿ ಎರಡು ಮಾಡಿ, ಒಂದು ಪಾಲು ತಮ್ಮ ಮುಂದೆ, ಇನ್ನೊಂದು ಪಾಲು ಎದುರಿನ ಖಾಲಿ ಜಾಗದ ಮುಂದೆ ಇಟ್ಟಿದ್ದರು. ಅಲ್ಲೊಂದು ಚಾಪೆಯೂ ಹಾಸಿತ್ತು. ಅವರಿನ್ನೂ ಒಂದು ತುತ್ತನ್ನೂ ಮುಟ್ಟಿರಲಿಲ್ಲ.

"ನೀವು ಉಣ್ರಿ ಅಜ್ಜಾರ," ಅಂದ ಮುರಿಗೆಯ್ಯ. "ಯಾರಿಗಿಟ್ರಿ ಅದನ್ನ?"

"ನಿಂಬೆವ್ವ ಯಾರಿಗೆ ಕೊಟ್ಲೋ ಅಂವಗ," ಅಂದರು ಅಜ್ಜಾರು. "ನಾಕೂವರೆ ತಿಂಗಳಾತು ಅಂವಾ ಹೊರಗ ನಿಂತು. ಒಳಗ ಕರಿಯಪಾ, ಉಣ್ಣಲಿ."